ಸೇನಾಧಿಕಾರಿಯ ಮಾತಿಗೆ ಮಾತ್ರೆ ಬಿಟ್ಟ ಯುವಕ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

27ರ ಯುವಕ. ಖಿನ್ನತೆಗೆ ನಾಲ್ಕು ತಿಂಗಳಿಂದ ಔಷಧ ನಡೆದಿತ್ತು. ನಿದ್ದೆ, ಕೆಲಸ ಎರಡೂ ಹಳಿಗೆ ಬಂದಿದ್ದವು. ಆಪ್ತಸಲಹೆಗೆ ಬಂದಾಗ ಮಾತ್ರೆ ಬಿಟ್ಟು ಆರು ದಿನ. ತಲೆಸುತ್ತು, ವಾಕರಿಕೆ, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂಥ ಜುಮ್ಮು, ಸಣ್ಣದಕ್ಕೂ ಸಿಡುಕು. ಚಿಕ್ಕಂದಿನಿಂದ ಅವನು ಆರಾಧಿಸಿದ ನಿವೃತ್ತ ಸೇನಾಧಿಕಾರಿಯೊಬ್ಬರು "ಗಟ್ಟಿ ಮನಸ್ಸಿದ್ದವನಿಗೆ ಮಾತ್ರೆ ಯಾಕೆ? ಬೆಳಿಗ್ಗೆ ಐದಕ್ಕೆದ್ದು ಓಡು" ಎಂದಿದ್ದರು. "ಯುದ್ಧ ಕಂಡವರು ಮೇಡಂ, ಅವರಿಗೆ ಗೊತ್ತಿರಲ್ವಾ?" ಎಂದು ಕೇಳಿದ.

ಮೊದಲ ದಿನ ವಾದಕ್ಕಿಳಿಯಲಿಲ್ಲ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಲಾಯಿತು, ಇಲ್ಲವೆಂದ. ಅಲ್ಲಿಂದಲೇ ಮನೋವೈದ್ಯರಿಗೆ ಅವನೇ ಫೋನ್ ಮಾಡಿದ. ಔಷಧ ಮತ್ತೆ ಶುರು ಮಾಡುವುದು, ಅದರ ಪ್ರಮಾಣ, ಎಲ್ಲವೂ ವೈದ್ಯರ ತೀರ್ಮಾನ. ಆಪ್ತಸಲಹೆಗಾರರು ಅದರಲ್ಲಿ ಕೈಹಾಕಬಾರದು. ತಲೆಸುತ್ತು, ಜುಮ್ಮು, ಸಿಡುಕು ಎಲ್ಲವೂ ಮಾತ್ರೆಯನ್ನು ಥಟ್ಟನೆ ಬಿಟ್ಟಿದ್ದರ ಫಲವೆಂದು ವೈದ್ಯರು ಖಚಿತಪಡಿಸಿದರು. ಅವನು ಮಾತ್ರ ತನ್ನ ಮನಸ್ಸೇ ದುರ್ಬಲವೆಂದು ಕುಗ್ಗಿಹೋಗಿದ್ದ. ಹಾಗಾಗಿ ಇದನ್ನು ಬಿಡಿಸಿ ಹೇಳಬೇಕಾಯಿತು: ಮಿದುಳು ಔಷಧಕ್ಕೆ ಒಗ್ಗಿಕೊಂಡಿರುತ್ತದೆ, ಆದ್ದರಿಂದ ಪ್ರಮಾಣವನ್ನು ಹಂತಹಂತವಾಗಿ, ವಾರಗಟ್ಟಲೆ ಇಳಿಸುತ್ತಾರೆ. ಖಿನ್ನತೆಯ ಔಷಧಗಳಲ್ಲಿ ಪ್ಯಾರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ದೇಹದಿಂದ ಬೇಗ ಹೊರಹೋಗುವುದರಿಂದ ತೊಂದರೆ ಕೆಲವೇ ದಿನಗಳಲ್ಲಿ ಕಾಣಿಸಬಹುದು. ಫ್ಲುಯಾಕ್ಸೆಟಿನ್ ನಿಧಾನವಾಗಿ ಹೋಗುವುದರಿಂದ ಅದರಲ್ಲಿ ಕಡಿಮೆ. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ 6 ತಿಂಗಳು ಔಷಧ ಮುಂದುವರಿಸುತ್ತಾರೆ. ಬೇಗ ಬಿಟ್ಟರೆ ಖಿನ್ನತೆ ಮರುಕಳಿಸುವ ಅಪಾಯ ಹೆಚ್ಚು.

ಎರಡನೇ ಭೇಟಿಯಲ್ಲಿ ಅಧಿಕಾರಿಯ ವಿಷಯ ಬಂತು. ಇಲ್ಲಿ ಎಡವುವುದು ಸುಲಭ. "ಅವರಿಗೇನು ಗೊತ್ತು" ಎಂದರೆ ಆರಾಧಿಸುವವನು ಅವರ ಪರ ನಿಲ್ಲುತ್ತಾನೆ, ಮುಂದಿನ ಭೇಟಿಗೆ ಬರುವುದಿಲ್ಲ. ಬದಲಿಗೆ ಹಾಳೆಯ ಎಡಕ್ಕೆ ಅಧಿಕಾರಿ ವರ್ಷಗಟ್ಟಲೆ ಮಾಡಿ ಕಲಿತದ್ದನ್ನು, ಬಲಕ್ಕೆ ಅವರು ಕೊಟ್ಟ ಸಲಹೆಗಳನ್ನು ಬರೆಸಲಾಯಿತು. ಓಟ, ನಿದ್ದೆಯ ಸಮಯ, ಶಿಸ್ತು ಎರಡೂ ಕಡೆ ಕಂಡವು. ಮಾತ್ರೆ ಬಲಗಡೆ ಮಾತ್ರ. ಆಮೇಲೆ ಒಂದೇ ಪ್ರಶ್ನೆ: ಅವರ ತುಕಡಿಯಲ್ಲಿ ಸೈನಿಕನಿಗೆ ಜ್ವರ ಏರಿದರೆ ಯಾರ ಹತ್ತಿರ ಕಳಿಸುತ್ತಿದ್ದರು? "ಸೇನೆಯ ಡಾಕ್ಟರ್ ಹತ್ತಿರ" ಎಂದ.

ಒಂದು ಗುಣದ ಹೊಳಪು ಉಳಿದೆಲ್ಲ ಗುಣಗಳಿಗೂ ಹರಡುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಬರೆದರು. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳಲ್ಲೇ ಅದು ಕಂಡಿತ್ತು: ಮೈಕಟ್ಟು ಮೆಚ್ಚಿಗೆಯಾದವನಿಗೆ ಬುದ್ಧಿ, ನಾಯಕತ್ವ, ನಡತೆಗೂ ಅಂಕ ಏರುತ್ತಿತ್ತು. ಸೈನಿಕರನ್ನೇ ಗುರಿಮಾಡಿದಂತೆ ಅವನಿಗೆ ಅನಿಸಬಾರದೆಂದು ವಿಜ್ಞಾನಿ ಲೈನಸ್ ಪೌಲಿಂಗ್ ಉದಾಹರಣೆಯನ್ನೂ ಕೊಡಲಾಯಿತು. 1954ರಲ್ಲಿ ರಸಾಯನಶಾಸ್ತ್ರಕ್ಕೆ, 1962ರ ಸಾಲಿಗೆ ಶಾಂತಿಗೆ ನೊಬೆಲ್ ಪಡೆದವರು. ದೊಡ್ಡ ಪ್ರಮಾಣದ ವಿಟಮಿನ್ ಸಿ ಕ್ಯಾನ್ಸರ್ ರೋಗಿಗಳಿಗೆ ನೆರವಾಗುತ್ತದೆಂದು ಅವರು ವಾದಿಸಿದರು. 1979 ಮತ್ತು 1985ರಲ್ಲಿ ಪ್ರಕಟವಾದ ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯ ಪರೀಕ್ಷೆಗಳಲ್ಲಿ ಪ್ರಯೋಜನ ಕಾಣಲಿಲ್ಲ.

ಮೂರನೇ ಭೇಟಿಗೆ ಬಂದಾಗ ಅವನಿಗೆ ಅಧಿಕಾರಿಯ ಮೇಲೆ ಸಿಟ್ಟು. "ನನ್ನನ್ನ ಹಾಳು ಮಾಡಿಬಿಟ್ಟರು" ಎಂದ. ಆರಾಧನೆ ಒಡೆದಾಗ ಹೀಗಾಗುವುದುಂಟು. ಆ ಭರದಲ್ಲಿ ಅವರ ಒಳ್ಳೆಯ ಸಲಹೆಯೂ ಕಸಕ್ಕೆ ಹೋಗುತ್ತದೆ. ವ್ಯಾಯಾಮ ಖಿನ್ನತೆಗೆ ನಿಜಕ್ಕೂ ನೆರವಾಗುತ್ತದೆ, ಆದ್ದರಿಂದ ಓಟ ಉಳಿಸಿಕೊಳ್ಳಲು ಹೇಳಲಾಯಿತು. ಮನೆಯವರಿಗೆ, ಅಧಿಕಾರಿಯ ಮನೆಗೆ ಹೋಗಿ ಜಗಳ ತೆಗೆಯಬೇಡಿ ಎಂಬ ಸಲಹೆ. ಅವನೇ ಹೇಳಬೇಕಾದ ಮಾತನ್ನು ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಲಾಯಿತು: "ಸರ್, ನೀವು ಹೇಳಿದ ಓಟ ಬಿಡಲ್ಲ. ಮಾತ್ರೆ ವಿಷಯ ಮಾತ್ರ ಡಾಕ್ಟರಿಗೆ ಬಿಟ್ಟಿದ್ದೀನಿ."

ಅಧಿಕಾರಿಯ ಎದುರು ಇಷ್ಟನ್ನು ಹೇಳಲು ಅವನಿಗೆ ಮತ್ತೂ ಮೂರು ವಾರ ಹಿಡಿಯಿತು.