ಪ್ಲೇಲಿಸ್ಟ್ ಬೇಡ, ಹೆಸರು ಹಿಡಿದು ಹೋಗಿ

ಡಿಪೆಶ್ ಮೋಡ್ ತಂಡದ ಹಾಡುಗಳನ್ನು ಕೇಳಿ ರುಚಿ ಹತ್ತಿದೆ, ಪುಣೆಗೆ ಹೊಸದಾಗಿ ಬಂದಿದ್ದೇನೆ, ಹಳೆಯ ಮತ್ತು ಹೊಸ ಸಿಂತ್‌ಪಾಪ್‌ಗೆ, ಅಂದರೆ ಸಿಂಥಸೈಸರ್ ಎಂಬ ಎಲೆಕ್ಟ್ರಾನಿಕ್ ವಾದ್ಯದಲ್ಲಿ ಕಟ್ಟುವ ಪಾಪ್ ಸಂಗೀತಕ್ಕೆ, ಒಳ್ಳೆಯ ಪ್ಲೇಲಿಸ್ಟ್ ಯಾವುದು ಎಂದು ಕೇಳಿದ್ದೀರಿ. ಧಾರವಾಡ ಬಿಟ್ಟು ಬಂದು ಡೊಂಬಿವಲಿಯಲ್ಲಿ ಕೋಣೆ ಹಿಡಿದ ಹೊಸತರಲ್ಲಿ ನಾನು ಹುಡುಕುತ್ತಿದ್ದುದೂ ಇದನ್ನೇ. ಆಗ ಪ್ಲೇಲಿಸ್ಟ್ ಇರಲಿಲ್ಲ, ವಿದೇಶಿ ಪತ್ರಿಕೆಗಳು ಪ್ರಕಟಿಸುತ್ತಿದ್ದ ಶ್ರೇಷ್ಠ ಆಲ್ಬಂಗಳ ಪಟ್ಟಿಗಳಿದ್ದವು. ಅಂಥದೊಂದನ್ನು ಬರೆದುಕೊಂಡು ಭಾನುವಾರ ಲೋಕಲ್ ಹತ್ತಿ ಮುಂಬಯಿಯ ಹಳೆಯ ವಸ್ತುಗಳ ಸಂತೆ ಚೋರ್ ಬಜಾರಿಗೆ ಹೋಗಿ ಹಳೆಯ ಎಲ್‌ಪಿ ರಾಶಿಗಳನ್ನು ಕೆದಕುತ್ತಿದ್ದೆ.

ಆ ಪಟ್ಟಿಯೇ ನನ್ನನ್ನು ಕೆಡಿಸಿತು. ಒಂದು ದಿನ ಹಿಂದಿ ಚಿತ್ರಗೀತೆಗಳ ರಾಶಿಯಲ್ಲಿ ಚರಣ್‌ಜಿತ್ ಸಿಂಗ್ ಅವರ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’ ಕೈಗೆ ಬಂತು. ಹಾಕಿ ಕೇಳಿಸಲೇ ಎಂದು ಅಂಗಡಿಯ ಯಜಮಾನರು ಕೇಳಿದರು. ಬೇಡ ಎಂದು ಮರಳಿ ರಾಶಿಗೆ ಸೇರಿಸಿದೆ. ಏಕೆ ಬೇಡವೆಂದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನೀವು ಬೀಳಬಹುದಾದ ಹಳ್ಳವೂ ಅದೇ. ಅವರು ಹಿಂದಿ ಚಿತ್ರರಂಗದ ವಾದ್ಯಗಾರರು ಎಂಬುದು ಮೊದಲ ಕಾರಣ. ಎರಡನೆಯದು, ರಾಗಕ್ಕೆ ಡಿಸ್ಕೊ ತಾಳ ಕಟ್ಟುವುದು ನಮ್ಮ ಮನೆಯಲ್ಲಿ ಅಪಚಾರ. ನಸುಕಿನಲ್ಲಿ ರೇಡಿಯೊದಲ್ಲಿ ಲಲಿತ್ ರಾಗ ಬಂದರೆ ಅಪ್ಪ ಮಾತು ನಿಲ್ಲಿಸುತ್ತಿದ್ದರು. ಇವೆರಡಕ್ಕಿಂತ ದೊಡ್ಡ ಕಾರಣ, ಆ ಹೆಸರು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಎಲೆಕ್ಟ್ರಾನಿಕ್ ಸಂಗೀತವೆಂದರೆ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನ ಕ್ರಾಫ್ಟ್‌ವರ್ಕ್, ಇಂಗ್ಲೆಂಡಿನ ಬ್ಯಾಸಿಲ್ಡನ್‌ನ ಡಿಪೆಶ್ ಮೋಡ್ ಎಂದು ಪಟ್ಟಿ ಕಲಿಸಿತ್ತು. ಮುಂಬಯಿ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಗ್ರಾಮಫೋನ್ ಎದುರಿಗಿತ್ತು, ಕೇಳಿಸುವವರಿದ್ದರು, ಕಿವಿ ನನ್ನದೇ ಆಗಿತ್ತು. ಆದರೂ ತೀರ್ಪು ಕಾಗದದ್ದಾಯಿತು.

2010ರಲ್ಲಿ ಅದೇ ಆಲ್ಬಂ ಯೂರೋಪಿನಿಂದ ಮರುಮುದ್ರಣವಾಗಿ ಬಂತು. ಆ್ಯಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಮುಂಬಯಿಯಲ್ಲೇ ಹುಟ್ಟಿತೇ ಎಂದು ಜಗತ್ತು ಕೇಳತೊಡಗಿತು. ಚರಣ್‌ಜಿತ್ ಅದನ್ನು 1982ರಲ್ಲಿ ರೋಲ್ಯಾಂಡ್ ಕಂಪನಿಯ ಜುಪಿಟರ್-8 ಸಿಂಥಸೈಸರ್, ಬಾಸ್ ನುಡಿಸುವ ಟಿಬಿ-303, ತಾಳ ಹಾಕುವ ಟಿಆರ್-808 ಎಂಬ ಮೂರು ಯಂತ್ರಗಳಲ್ಲಿ ನುಡಿಸಿದ್ದರು. ಆ ಶೈಲಿಗೆ ಹೆಸರು ಕೊಟ್ಟ ಷಿಕಾಗೊದ ಫ್ಯೂಚರ್ ತಂಡದ ‘ಆ್ಯಸಿಡ್ ಟ್ರ್ಯಾಕ್ಸ್’ ಬಂದದ್ದು 1987ರಲ್ಲಿ. ಷಿಕಾಗೊದವರು ಇವರನ್ನು ಕೇಳಿ ಕಲಿತರು ಎನ್ನಲು ಆಧಾರವಿಲ್ಲ. ಬಾಸ್ ಗಿಟಾರಿನ ಬದಲಿಗೆಂದು ತಯಾರಿಸಿದ 303 ಆ ಕೆಲಸದಲ್ಲಿ ಸೋತು ಕೆಲವೇ ವರ್ಷಗಳಲ್ಲಿ ಉತ್ಪಾದನೆ ನಿಂತಿತ್ತು. ಆದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣ ಅದಕ್ಕಿತ್ತು. ಷಿಕಾಗೊದ ಹುಡುಗರಿಗೆ ಆ ಜಾರುವಿಕೆಯಲ್ಲಿ ಕುಣಿತ ಸಿಕ್ಕಿತು, ಚರಣ್‌ಜಿತ್ ಅವರಿಗೆ ನಮ್ಮ ರಾಗಗಳಲ್ಲಿ ಸ್ವರ ಜಾರುವ ಮೀಂಡ್ ಸಿಕ್ಕಿತು. ಲಲಿತ್‌ನಲ್ಲಿ ಎರಡು ಮಧ್ಯಮಗಳು ಒಂದರ ಹಿಂದೊಂದು ಬರುವುದನ್ನು ಆ ಪುಟ್ಟ ಪೆಟ್ಟಿಗೆಯ ಸಂಗಡ ಕೇಳಿ ನೋಡಿ. ನಾನು ಕೇಳುವ ಹೊತ್ತಿಗೆ ಮೂಲ ಮುದ್ರಣದ ಬೆಲೆ ಕೈಗೆಟುಕದಷ್ಟು ಏರಿತ್ತು. ಹಣದ ಮಾತು ಹಾಗಿರಲಿ, ಚರಣ್‌ಜಿತ್ 2015ರಲ್ಲಿ ತೀರಿಕೊಂಡದ್ದು ಇದೇ ಮುಂಬಯಿಯಲ್ಲಿ. ಅಷ್ಟು ವರ್ಷ ಅವರ ಊರಿನಲ್ಲೇ ಇದ್ದು, ಅವರನ್ನು ಕಾಣಬೇಕೆಂದು ನನಗೆ ಅನ್ನಿಸಿರಲಿಲ್ಲ.

ಹಾಗಾಗಿ ಯಾವ ಪ್ಲೇಲಿಸ್ಟ್ ಎಂಬ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ‘ಹಳೆಯದು’, ‘ಹೊಸದು’ ಎಂದು ಬೇರೆ ಬೇರೆ ಬುಟ್ಟಿ ಮಾಡುವುದನ್ನೂ ಒಪ್ಪುವುದಿಲ್ಲ. ಇಷ್ಟವಾದ ಒಂದು ಹಾಡಿನ ಹಿಂದಿರುವವರ ಹೆಸರು ಹಿಡಿದು ಹೋಗಿ. ಡಿಪೆಶ್ ಮೋಡ್‌ನ ಮೊದಲ ಆಲ್ಬಂ 1981ರದು, ಅದರ ಹೆಚ್ಚಿನ ಹಾಡುಗಳು ವಿನ್ಸ್ ಕ್ಲಾರ್ಕ್ ಅವರವು. ಅವರು ತಂಡ ಬಿಟ್ಟು ಆ್ಯಲಿಸನ್ ಮೊಯೆ ಜೊತೆ ಯಾಝೂ ಕಟ್ಟಿದರು. ಯಂತ್ರದ ಚಳಿಯ ಮೇಲೆ ಬ್ಲೂಸ್ ಕಂಠ ಹೇಗೆ ಕೂರುತ್ತದೆ ಎಂಬುದು ಅಲ್ಲಿದೆ. ಆಮೇಲೆ ಆ್ಯಂಡಿ ಬೆಲ್ ಜೊತೆ ಇರೇಷರ್. ಒಬ್ಬರ ಹೆಸರಿನಿಂದ ಮೂರು ತಂಡಗಳು ಸಿಕ್ಕವು. ಈ ಮೂರನ್ನೂ ಹೊರತಂದ ಮ್ಯೂಟ್ ಎಂಬ ಧ್ವನಿಮುದ್ರಣ ಕಂಪನಿಯನ್ನು 1978ರಲ್ಲಿ ಶುರು ಮಾಡಿದವರು ಡೇನಿಯಲ್ ಮಿಲ್ಲರ್. ಅದೇ ಕಂಪನಿಯ ದಾರಿ ಹಿಡಿದರೆ ಗೋಲ್ಡ್‌ಫ್ರಾಪ್, ಎಂ83 ಎಂಬ ತಂಡಗಳ ತನಕ ಬರುತ್ತೀರಿ.

ಇಲ್ಲಿಯವರನ್ನೂ ಹೀಗೆಯೇ ಹುಡುಕಿ. ಮುಂಬಯಿಯ ಸ್ಕೈ ರ್‍ಯಾಬಿಟ್ ತಂಡದ ಗಾಯಕ ರಕ್ಷಿತ್ ತಿವಾರಿ ‘ಯುವರ್ ಚಿನ್’ ಎಂಬ ಹೆಸರಿನಲ್ಲಿ ಒಬ್ಬರೇ ಎಲೆಕ್ಟ್ರಾನಿಕ್ ಹಾಡುಗಳನ್ನು ಮಾಡಿದ್ದಾರೆ. ‘ಸ್ಯಾಂಡ್ಯೂನ್ಸ್’ ಹೆಸರಿನಲ್ಲಿ ಸಂಗೀತ ಮಾಡುವ ಸನಾಯಾ ಆರ್ದೇಶಿರ್ ಅವರನ್ನು ಬಿಡಲೇಬೇಡಿ. ಇನ್ನೂ ಹಿಂದಕ್ಕೆ ಹೋದರೆ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ 1969ರಲ್ಲೇ ಮೂಗ್ ಸಿಂಥಸೈಸರ್ ಬಂದಿತ್ತು. ಅಲ್ಲಿಯ ಧ್ವನಿಮುದ್ರಣಗಳ ಸಂಕಲನ 2023ರಲ್ಲಿ ಹೊರಬಂದಿದೆ. ಕೇಳಲು ಸುಲಭವಲ್ಲ, ಆದರೂ ಕೇಳಿ.

ಪುಣೆಯಲ್ಲಿ ಕಾರ್ಯಕ್ರಮಗಳಿಗೆ ಹೋದರೆ ಮುಖ್ಯ ತಂಡಕ್ಕಿಂತ ಮೊದಲು ನುಡಿಸುವವರನ್ನು ಕೇಳಲು ಬೇಗ ಹೋಗಿ, ಮುಗಿದ ಮೇಲೆ ಅವರನ್ನೇ ಮಾತಾಡಿಸಿ, ಯಾರನ್ನು ಕೇಳುತ್ತೀರಿ ಎಂದು ವಿಚಾರಿಸಿ. ಇನ್ನು ನಿಮ್ಮ ಮೊಬೈಲಿನ ಆ್ಯಪ್ ಬಿಡಬೇಕಾಗಿಲ್ಲ. ಹಾಡಿನ ಪಕ್ಕದ ಚುಕ್ಕೆಗಳನ್ನು ಒತ್ತಿದರೆ ಬರೆದವರ, ನಿರ್ಮಿಸಿದವರ ಹೆಸರುಗಳು ಹೆಚ್ಚಾಗಿ ಸಿಗುತ್ತವೆ. ಆ ಹೆಸರುಗಳಿಂದ ಶುರು ಮಾಡಿ, ಮುಂದಿನ ಹಾಡನ್ನು ಆ್ಯಪ್ ತಾನಾಗಿ ಹಾಕುವ ಸೌಲಭ್ಯವನ್ನು ಮಾತ್ರ ಇವತ್ತೇ ನಿಲ್ಲಿಸಿ.