ಪೈಪರ್ ಪೊದೆಯ ಎಲೆಯಲ್ಲಿ ವಿಷವಿದ್ದರೂ ಕೆಲವು ಕಂಬಳಿಹುಳುಗಳು ಅದನ್ನೇ ತಿಂದು ಬದುಕುವುದು ಹೇಗೆ?

ಆ ಹುಳುಗಳ ವಂಶ ಒಂದೇ ಬಗೆಯ ವಿಷಕ್ಕೆ ತಲೆಮಾರುಗಳಿಂದ ಒಗ್ಗಿಕೊಂಡಿದೆ, ಅಷ್ಟೇ. ಬೇರೆ ಹುಳುಗಳಿಗೆ ಆ ಎಲೆ ದಕ್ಕುವುದಿಲ್ಲ.

ಪೈಪರ್ ಎಂದರೆ ಕರಿಮೆಣಸಿನ ಕುಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ದೊಡ್ಡ ಮರಗಳ ನೆರಳಿನಡಿ ಇದರ ನೂರಾರು ಜಾತಿಯ ಪೊದೆಗಳಿವೆ. ಮೆಣಸಿಗೆ ಖಾರ ಕೊಡುವುದು ಅಮೈಡ್ ಎಂಬ ಸಾರಜನಕಯುಕ್ತ ರಾಸಾಯನಿಕ. ಹಲವು ಪೊದೆಗಳ ಎಲೆಯಲ್ಲೂ ಅದರ ದಾಯಾದಿಗಳೇ ಇವೆ. ಕೋಸ್ಟರಿಕಾದ ಪೈಪರ್ ಸೆನೋಕ್ಲಾಡಮ್ ಎಲೆಯಲ್ಲಿ ಮೂರು ಅಮೈಡ್‌ಗಳಿದ್ದು, ಬಿಡಿಬಿಡಿಯಾಗಿ ಮಾಡುವುದಕ್ಕಿಂತ ಹೆಚ್ಚಿನ ಹಾನಿಯನ್ನು ಒಟ್ಟಾಗಿ ಮಾಡುತ್ತವೆ. ಸಿಕ್ಕಿದ್ದನ್ನೆಲ್ಲ ಮೇಯುವ ಹುಳುವಿಗೆ ಈ ಮಿಶ್ರಣ ಮಾರಕ. ಈಯೋಯಿಸ್ ಎಂಬ ಪುಟ್ಟ ಪತಂಗದ ಮರಿಗಳು ಮಾತ್ರ ಬೆನ್ನು ಕಮಾನಾಗಿಸಿ, ಗೇಣು ಹಾಕುತ್ತ ನಡೆದು ಪೈಪರ್ ಎಲೆಯನ್ನೇ ಮೇಯುತ್ತವೆ. ಅವುಗಳಲ್ಲಿ ಹೆಚ್ಚಿನವು ಒಂದೆರಡು ಜಾತಿಯ ಪೈಪರ್ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ.

ಗಿಡವೇನೂ ಸುಮ್ಮನೆ ಕೂತಿಲ್ಲ. ಸೆನೋಕ್ಲಾಡಮ್‌ನ ಎಲೆತೊಟ್ಟು ಅಂಚು ಮಡಚಿದ ಕೊಳವೆಯಂತಿರುತ್ತದೆ. ಒಳಗೆ ಫೀಡೋಲ್ ಕುಲದ ಪುಟ್ಟ ಇರುವೆಗಳ ವಾಸ. ಊಟಕ್ಕೆ ಗಿಡವೇ ಸುರಿಸುವ ಮಣಿಯಂಥ ಕಣಗಳು. ಬಾಡಿಗೆಯಾಗಿ ಇರುವೆಗಳು ಎಲೆಯ ಮೇಲಿನ ಕೀಟಗಳ ಮೊಟ್ಟೆಗಳನ್ನು ಎತ್ತಿ ಎಸೆಯುತ್ತವೆ. ನನಗೆ ಬಲು ಇಷ್ಟವಾದ ಸಂಗತಿಯೆಂದರೆ, ಇರುವೆಗಳಿಲ್ಲದ ಗಿಡದ ಎಲೆಯಲ್ಲಿ ಅಮೈಡ್ ಪ್ರಮಾಣ ಹೆಚ್ಚಿರುತ್ತದೆ: ಕಾವಲುಗಾರರಿದ್ದಾಗ ಗಿಡ ವಿಷದ ಖರ್ಚನ್ನು ಉಳಿಸಿಕೊಳ್ಳುತ್ತದೆ.