ಅಪ್ಪನಿಗೆ 12 ವರ್ಷದಿಂದ ಶುಗರ್ ಇದೆ, ಈಗ ಪೇಪರಿನ ಅಕ್ಷರ ಡೊಂಕಾಗಿ ಕಾಣುತ್ತದಂತೆ. ಕನ್ನಡಕ ಬದಲಿಸಿದರೆ ಸರಿಯಾಗುತ್ತದಾ?

ಕನ್ನಡಕ ಆಮೇಲೆ. ಮೊದಲು ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿಸಿ ಕಣ್ಣಿನ ಡಾಕ್ಟರಿಗೆ ರೆಟಿನಾ (ಕಣ್ಣಿನ ಹಿಂಬದಿಯ ಒಳಪದರ) ತೋರಿಸಿ, ಈ ವಾರವೇ. ನಾನು ಎರಡು ಸಲ ಕನ್ನಡಕ ಬದಲಿಸಿ ಒಂದು ವರ್ಷ ಕಳೆದುಕೊಂಡೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮದು ಬದಿಯಡ್ಕದ ಹತ್ತಿರ ಅಡಿಕೆ ತೋಟ. ನನಗೆ ಮೊದಲು ಸಂಶಯ ಬಂದದ್ದು ಅಡಿಕೆ ಆರಿಸುವಾಗ. ಚಾಲಿಯಿಂದ, ಅಂದರೆ ಒಣಗಿಸಿದ ಒಳ್ಳೆ ಅಡಿಕೆಯಿಂದ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎನ್ನುವ ಕೆಳದರ್ಜೆಯದನ್ನು ಬೇರೆ ಮಾಡಬೇಕಲ್ವಾ? ಮೂವತ್ತು ವರ್ಷ ಮಾಡಿದ ಕೆಲಸ. ಆ ವರ್ಷ ಎಲ್ಲ ಒಂದೇ ಬಣ್ಣ ಕಾಣತೊಡಗಿತು. ಬಿರುಕು ಕಣ್ಣಿಗೆ ಸಿಗುವುದಿಲ್ಲ, ಉಗುರು ತಾಗಿದರೆ ಮಾತ್ರ ಗೊತ್ತಾಗುತ್ತದೆ. ಆಮೇಲೆ ಬಾಗಿಲ ದಾರಂದ ನಡುವಲ್ಲಿ ಬಾಗಿದ ಹಾಗೆ ಕಂಡಿತು. ನೋವು ಮಾತ್ರ ಒಂಚೂರೂ ಇರಲಿಲ್ಲ.

ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ದರೆ ರೆಟಿನಾದ ಸಣ್ಣ ರಕ್ತನಾಳಗಳು ಸೋರುತ್ತವೆ. ಆ ನೀರು ರೆಟಿನಾದ ನಡುವೆ, ಅಂದರೆ ಮ್ಯಾಕ್ಯುಲಾದಲ್ಲಿ ನಿಂತರೆ ಅಕ್ಷರ ಡೊಂಕಾಗುತ್ತದೆ. ಇನ್ನೂ ಮುಂದೆ ಹೋದರೆ ಬಲವಿಲ್ಲದ ಹೊಸ ನಾಳಗಳು ಹುಟ್ಟಿಕೊಳ್ಳುತ್ತವೆ. ಅವು ಒಡೆದರೆ ಕಣ್ಣೊಳಗೆ ರಕ್ತ. ಕಪ್ಪು ಚುಕ್ಕೆಗಳು ಒಮ್ಮೆಲೇ ತೇಲಿದರೆ, ಪರದೆ ಇಳಿದ ಹಾಗಾದರೆ ಅದೇ ದಿನ ಓಡಬೇಕು.

ನನ್ನ ಎಡಗಣ್ಣಲ್ಲಿ ನೀರು ನಿಂತಿತ್ತು. ಚೆನ್ನಾಗಿದೆ ಅಂದುಕೊಂಡಿದ್ದ ಬಲಗಣ್ಣಲ್ಲಿ ಆ ಹೊಸ ನಾಳಗಳು! ಅದರಲ್ಲಿ ಕೊನೆಯ ಸಾಲಿನ ಅಕ್ಷರವನ್ನೂ ಓದುತ್ತಿದ್ದೆ. ಕಾಣುತ್ತದೆ ಅಂತ ಪರೀಕ್ಷೆ ಬಿಡಬಾರದು ಎನ್ನುವುದು ಇದಕ್ಕೇ. ಶುಗರ್ ಇದ್ದವರು ವರ್ಷಕ್ಕೊಮ್ಮೆಯಾದರೂ ತೋರಿಸಲೇಬೇಕು.

ಮಂಗಳೂರಿನಲ್ಲಿ ಎಡಗಣ್ಣಿಗೆ ಇಂಜೆಕ್ಷನ್ ಆಯಿತು, ಮೊದಮೊದಲು ತಿಂಗಳಿಗೊಂದು. ಕಣ್ಣಿಗೇ ಸೂಜಿ ಅಂದಾಗ ಕೈಕಾಲು ನಡುಗಿತ್ತು. ಮರಗಟ್ಟಿಸುವ ಡ್ರಾಪ್ಸ್ ಹಾಕುತ್ತಾರೆ, ಒತ್ತಿದ ಹಾಗಾಗುತ್ತದೆ, ಅಷ್ಟೇ. ಅಪ್ಪನಿಗೆ ಇದನ್ನು ಮೊದಲೇ ಹೇಳಿಡಿ. ಬಲಗಣ್ಣಿಗೆ ಲೇಸರ್. ದಾರಂದ ನೆಟ್ಟಗಾಯಿತು. ಆದರೆ ಅಡಿಕೆಯ ಬಿರುಕು ಮೊದಲಿನ ಹಾಗೆ ಕಾಣುವುದಿಲ್ಲ, ಈಗ ಆರಿಸುವುದು ಮಗಳು.

ಲೇಸರ್ ಆದ ಮೇಲೆ ಮುಸ್ಸಂಜೆ ಕಷ್ಟ. ತೋಟದ ಸಂಕ ದಾಟುವುದಿದ್ದರೆ ಐದು ಗಂಟೆಯೊಳಗೆ ದಾಟುತ್ತೇನೆ. ಮನೆ ಮೆಟ್ಟಿಲಿನ ಅಂಚಿಗೆ ಬಿಳಿ ಪೇಂಟ್ ಬಳಿಸಿದ್ದೇವೆ. ಬಸ್ಸಿನ ಬೋರ್ಡ್ ಓದಲು ಹೋಗುವುದಿಲ್ಲ, ಕಂಡಕ್ಟರನ್ನು ಕೇಳಿ ಹತ್ತುತ್ತೇನೆ. ಇದೆಲ್ಲ ಅಭ್ಯಾಸವಾಗುತ್ತದೆ. ನನಗೆ ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಇನ್ಸುಲಿನ್ ಸಿರಿಂಜಿನ ಗೆರೆ. ಒಂದು ಬೆಳಿಗ್ಗೆ 12 ಅಂತ ತುಂಬಿಸಿದ್ದನ್ನು ಮಗಳು ನೋಡಿದರೆ 20 ಇತ್ತು. ಈಗ ಇನ್ಸುಲಿನ್ ಪೆನ್ ತಗೊಂಡಿದ್ದೇನೆ, ತಿರುಗಿಸಿದಾಗ ಟಿಕ್ ಟಿಕ್ ಎಣಿಸಬಹುದು. ಆದರೂ ಚುಚ್ಚುವ ಮುಂಚೆ ಮಗಳು ಒಮ್ಮೆ ನೋಡುತ್ತಾಳೆ. ಅಪ್ಪ ಇನ್ಸುಲಿನ್ ತಗೊಳ್ಳುತ್ತಿದ್ದರೆ ಇವತ್ತಿನಿಂದಲೇ ನೀವು ಪಕ್ಕದಲ್ಲಿ ನಿಲ್ಲಿ.

ಹೋಗುವಾಗ ಶುಗರ್, ಬಿಪಿ, ಕಿಡ್ನಿ ರಿಪೋರ್ಟ್ ತಗೊಂಡು ಹೋಗಿ. ಡ್ರಾಪ್ಸ್ ಹಾಕಿದರೆ ನಾಲ್ಕೈದು ಗಂಟೆ ಎಲ್ಲ ಮಂಜು. ಅಪ್ಪನಿಗೆ ಆ ದಿನ ಬೈಕ್ ಕೊಡಬೇಡಿ, ನೀವೇ ಜೊತೆಗೆ ಹೋಗಿ.